ಬುಟ್ಟಿಯ ರೈತನಿಗೆ ಸಂತೆಯೇ ಮಾರುಕಟ್ಟೆ

ಹಾವೇರಿ: ನೂರು ಚೀಲ ಗೋವಿನಜೋಳ ಬೆಳೆದವನಿಗೆ ಎಪಿಎಂಸಿ ಪ್ರಾಂಗಣವಿದೆ. ಲಾರಿಗಟ್ಟಲೆ ಒಣಮೆಣಸಿನಕಾಯಿ ಬಂದರೆ ಬ್ಯಾಡಗಿಯ ಮಾರುಕಟ್ಟೆ ಇದೆ. ಆದರೆ ಬಾವಿಯ ಪಕ್ಕದ ಹತ್ತು ಗುಂಟೆಯಲ್ಲಿ ಬದನೆ, ಮೆಂತ್ಯ, ಹಸಿಮೆಣಸು ಬೆಳೆದು ವಾರಕ್ಕೊಮ್ಮೆ ಒಂದು ಬುಟ್ಟಿ ತುಂಬಿಸುವವರು ಎಲ್ಲಿಗೆ ಹೋಗಬೇಕು? ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಇರುವ ಉತ್ತರ ಒಂದೇ. ಅದು ವಾರದ ಸಂತೆ.

ಸಂತೆಯೆಂದರೆ ಗದ್ದಲ, ಗಿರ್ಮಿಟ್, ಮಿರ್ಚಿ ಭಜಿ, ಬಳೆಯಂಗಡಿಗಳ ಸಾಲು ಎಂಬ ಚಿತ್ರವೇ ಹಲವರ ಮನಸ್ಸಿನಲ್ಲಿದೆ. ಅದು ಸುಳ್ಳಲ್ಲ. ಆದರೆ ಆ ಗದ್ದಲದ ಹಿಂದೆ ಸಣ್ಣ ಹಿಡುವಳಿದಾರರ ಬದುಕಿನ ಲೆಕ್ಕವೊಂದು ಅಡಗಿದೆ. ಆ ಲೆಕ್ಕ ಎಷ್ಟು ಬಿಗಿಯಾಗಿದೆ ಎಂದರೆ, ಹತ್ತಿಪ್ಪತ್ತು ರೂಪಾಯಿಯ ಕರ ಏರಿಕೆ ಅಥವಾ ಮಧ್ಯಾಹ್ನದ ಒಂದು ಮಳೆ ಇಡೀ ದಿನದ ಗಳಿಕೆಯನ್ನು ಅಳಿಸಿಹಾಕಬಲ್ಲದು. ಸಂತೆಗೆ ಹೋಗುವ ಗ್ರಾಹಕರೂ ಸಂತೆ ನಡೆಸುವ ಸ್ಥಳೀಯ ಸಂಸ್ಥೆಗಳೂ ಅರಿತುಕೊಳ್ಳಬೇಕಾದ ಸಂಗತಿ ಇದು.

ವಾರ ಹಂಚಿಕೊಂಡ ಊರುಗಳು

ಅಕ್ಕಪಕ್ಕದ ದೊಡ್ಡ ಊರುಗಳು ಸಾಮಾನ್ಯವಾಗಿ ಒಂದೇ ದಿನ ಸಂತೆ ಕೂಡುವುದಿಲ್ಲ. ಒಂದು ಊರಿಗೆ ಸೋಮವಾರವಾದರೆ ನೆರೆಯ ಊರಿಗೆ ಮಂಗಳವಾರ, ಅದರಾಚೆಯದಕ್ಕೆ ಮತ್ತೊಂದು ವಾರ ಎಂಬ ಹಂಚಿಕೆ ಯಾವ ಸರಕಾರಿ ಆದೇಶಕ್ಕೂ ಕಾಯದೆ ಬೆಳೆದು ಬಂದಿದೆ. ಇದರಿಂದ ಮೂರು ಅನುಕೂಲಗಳಿವೆ. ಮಾರುವವರು ವಾರವಿಡೀ ಊರಿಂದ ಊರಿಗೆ ಸಂಚರಿಸಬಹುದು. ಕೊಳ್ಳುವವರು ಒಂದು ಸಂತೆ ತಪ್ಪಿದರೆ ಮತ್ತೊಂದಕ್ಕೆ ಹೋಗಬಹುದು. ರೈತರು ಕೊಯ್ಲಿನ ದಿನಕ್ಕೆ ಹೊಂದುವ ಊರನ್ನು ಆರಿಸಿಕೊಳ್ಳಬಹುದು.

ಸಂತೆಯ ಹಿಂದಿನ ದಿನ ಸಂಜೆ ಕಾಯಿಪಲ್ಲೆ ಕೊಯ್ಯುವುದು, ಸೊಪ್ಪನ್ನು ಸಿವುಡು ಕಟ್ಟಿ ನೀರು ಚಿಮುಕಿಸಿ ಇಡುವುದು, ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸುವುದು ಹಳ್ಳಿಗಳಲ್ಲಿ ಇಂದಿಗೂ ಕಾಣುವ ಕ್ರಮ. 'ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ' ಎಂಬ ಗಾದೆ ಅವಸರದ ಕೆಲಸವನ್ನು ಹಂಗಿಸುತ್ತದೆಯಾದರೂ, ಸಂತೆಯ ದಿನ ಯಾರಿಗೂ ಕಾಯುವುದಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಈ ವ್ಯವಸ್ಥೆ ಹೊಸದಲ್ಲ. ಇಂದಿನ ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಬಯಿ ಪ್ರಾಂತದ ಕಾಲದಲ್ಲಿ, 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ಊರುಗಳನ್ನು ವರ್ಣಿಸುವಾಗ ವಾರದ ಸಂತೆಗಳನ್ನೂ ನಮೂದಿಸುತ್ತದೆ. ಆಗ ಹಿರೇಕೆರೂರು ಕೇಂದ್ರವಾಗಿದ್ದ ತಾಲ್ಲೂಕಿನ ಹೆಸರು ಕೋಡ. ಶಿಗ್ಗಾವಿ ಕೇಂದ್ರವಾಗಿದ್ದ ತಾಲ್ಲೂಕಿನ ಹೆಸರು ಬಂಕಾಪುರ. ಸವಣೂರು ನವಾಬರ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿತ್ತು. ಅದು ಭಾರತದ ಒಕ್ಕೂಟದಲ್ಲಿ ವಿಲೀನವಾದದ್ದು 1948ರಲ್ಲಿ. ಆಡಳಿತದ ಗಡಿಗಳು ಹೀಗೆ ಹಲವು ಬಾರಿ ಬದಲಾದರೂ ಸಂತೆಗಳು ಮುಂದುವರಿದಿವೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಬುಟ್ಟಿ

ಒಂದೇ ಜಿಲ್ಲೆಯಲ್ಲಿದ್ದರೂ ಈ ನಾಲ್ಕು ತಾಲ್ಲೂಕುಗಳ ಮಣ್ಣು ಮತ್ತು ಮಳೆ ಒಂದೇ ಬಗೆಯವಲ್ಲ. ಆದುದರಿಂದ ಇಲ್ಲಿನ ಸಂತೆಗಳಿಗೆ ಬರುವ ಬುಟ್ಟಿಯೂ ಒಂದೇ ಬಗೆಯದಲ್ಲ.

ಶಿರಸಿ, ಮುಂಡಗೋಡ, ಸೊರಬ ತಾಲ್ಲೂಕುಗಳಿಗೆ ಅಂಟಿಕೊಂಡಿರುವ ಹಾನಗಲ್ಲ ಅರೆಮಲೆನಾಡು. ಧರ್ಮಾ ಜಲಾಶಯದ ಕಾಲುವೆ ಹಾಗೂ ಕೆರೆಗಳ ನೀರಿನಿಂದ ಇಲ್ಲಿ ಭತ್ತ ಬೆಳೆಯುತ್ತದೆ. ಅಡಿಕೆ, ಬಾಳೆ, ಮಾವಿನ ತೋಟಗಳಿವೆ. ಹಾನಗಲ್ಲಿನ ಆಪೂಸು ಮಾವಿಗೆ ಹೆಸರಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ದೊಡ್ಡ ತೋಟಗಳ ಹಣ್ಣು ಲಾರಿ ಏರಿ ಹೊರಹೋದರೆ, ಮನೆಯ ಹಿತ್ತಲಿನ ಒಂದೆರಡು ಮರಗಳ ಕಾಯಿ ಮತ್ತು ಹಣ್ಣು ಸಂತೆಯ ಗೋಣಿತಾಟಿನ ಮೇಲೆ ಕಾಣಿಸುತ್ತವೆ. ಅಕ್ಕಿಆಲೂರು, ತಿಳವಳ್ಳಿಯಂತಹ ಊರುಗಳು ಸುತ್ತಲಿನ ಹಳ್ಳಿಗಳಿಗೆ ವ್ಯಾಪಾರದ ಕೇಂದ್ರಗಳಾಗಿವೆ.

ಶಿಗ್ಗಾವಿ ತಾಲ್ಲೂಕು ಪಶ್ಚಿಮದ ಅರೆಮಲೆನಾಡಿಗೂ ಪೂರ್ವದ ಬಯಲಿಗೂ ನಡುವಿನದು. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈಗಿನ 48ನೇ ಹೆದ್ದಾರಿ ಈ ತಾಲ್ಲೂಕಿನ ಮೂಲಕವೇ ಹಾದುಹೋಗುತ್ತದೆ. ಹೆದ್ದಾರಿಯಿಂದ ಲಾಭವೂ ಇದೆ, ಪೈಪೋಟಿಯೂ ಇದೆ. ಹುಬ್ಬಳ್ಳಿಯ ಸಗಟು ಮಾರುಕಟ್ಟೆಯಿಂದ ಬೆಳಗಿನ ಜಾವ ಹೊರಟ ಟಂಟಂ ವಾಹನದ ಟೊಮೆಟೊ, ಸಮೀಪದ ಹಳ್ಳಿಯ ಬುಟ್ಟಿಗಿಂತ ಮೊದಲೇ ಸಂತೆಯ ಬಯಲನ್ನು ತಲುಪಬಹುದು.

ಸವಣೂರು ಬಯಲುಸೀಮೆಯ ತಾಲ್ಲೂಕು. ಹತ್ತಿ, ಜೋಳ, ಮೆಣಸಿನಕಾಯಿ ಇಲ್ಲಿನ ಹೊಲಗಳ ಬೆಳೆಗಳು. ಆದರೆ ಊರಿಗೆ ಹೆಸರು ತಂದದ್ದು ವೀಳ್ಯದೆಲೆ. ಎಲೆಬಳ್ಳಿಯ ತೋಟ ವರ್ಷದುದ್ದಕ್ಕೂ ಕೊಯ್ಲು ಕೊಡುತ್ತದೆ. ಅದಕ್ಕೆ ತಕ್ಕಂತೆ ಕೆಲಸವನ್ನೂ ಬೇಡುತ್ತದೆ. ಕೊಯ್ದ ಎಲೆಯನ್ನು ಆರಿಸಿ, ಎಣಿಸಿ, ಕಟ್ಟು ಕಟ್ಟಿ, ತೇವ ಆರದಂತೆ ಕಾಯಬೇಕು. ದೂರದ ಪೇಟೆಗಳಿಗೆ ಹೋಗುವ ಮಾಲು ದಲಾಲಿ ಅಂಗಡಿಗಳ ಮೂಲಕ ಸಾಗಿದರೆ, ಉಳಿದ ಎಲೆ ಸಂತೆಯಲ್ಲಿ ಬಿಡಿಯಾಗಿ ಮಾರಾಟವಾಗುತ್ತದೆ. ಸವಣೂರಿಗೆ ಬಂದವರು ಇಲ್ಲಿನ ಪ್ರಸಿದ್ಧ ಖಾರದ ಪೊಟ್ಟಣವೊಂದನ್ನು ಕೊಳ್ಳದೆ ಹಿಂತಿರುಗುವುದು ಅಪರೂಪ. ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ಬೃಹತ್ ದೊಡ್ಡಹುಣಸೆ ಮರಗಳು ಈ ಊರಿನ ಮತ್ತೊಂದು ಆಕರ್ಷಣೆ.

ದಕ್ಷಿಣದ ಹಿರೇಕೆರೂರು ಭಾಗದಲ್ಲಿ ಗೋವಿನಜೋಳ ಮತ್ತು ಹತ್ತಿ ಮುಖ್ಯ ಬೆಳೆಗಳು. ಕುಮುದ್ವತಿ ನದಿ ಹರಿಯುವುದು ಇದೇ ಸೀಮೆಯಲ್ಲಿ. ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ರಟ್ಟೀಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು. ಹಿರೇಕೆರೂರಿಗಾಗಲಿ ಹಾನಗಲ್ಲಿಗಾಗಲಿ ರೈಲು ಮಾರ್ಗವಿಲ್ಲ. ಬಸ್ಸು ಮತ್ತು ಸಣ್ಣ ಸರಕು ವಾಹನಗಳೇ ಸಂತೆಯ ಜೀವನಾಡಿ.

ಕುಳಿತವರೆಲ್ಲ ಬೆಳೆದವರಲ್ಲ

ಸಂತೆಯಲ್ಲಿ ತಾಟು ಹಾಸಿ ಕುಳಿತವರೆಲ್ಲರೂ ರೈತರೆಂದು ಭಾವಿಸುವುದು ತಪ್ಪು. ಸ್ಥೂಲವಾಗಿ ಇವರಲ್ಲಿ ಮೂರು ಬಗೆಯವರಿದ್ದಾರೆ.

ಮೊದಲನೆಯವರು ತಾವೇ ಬೆಳೆದುದನ್ನು ತರುವವರು. ಇವರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಇವರ ಮುಂದೆ ಎರಡು ಅಥವಾ ಮೂರು ಬಗೆಯ ಪದಾರ್ಥ ಮಾತ್ರ ಇರುತ್ತದೆ. ಬದನೆಕಾಯಿ ಒಂದೇ ಗಾತ್ರದಲ್ಲಿರುವುದಿಲ್ಲ. ಸೊಪ್ಪಿನ ಬೇರಿನಲ್ಲಿ ಮಣ್ಣು ಅಂಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿ ಮಾಡಿ ಊರಿನ ಬಸ್ಸು ಹಿಡಿಯುವುದು ಇವರ ಗುರಿ.

ಎರಡನೆಯವರು ಸಂತೆಯಿಂದ ಸಂತೆಗೆ ಸಾಗುವ ವ್ಯಾಪಾರಸ್ಥರು. ಉಳ್ಳಾಗಡ್ಡಿ, ಆಲೂಗಡ್ಡೆ, ಬಳ್ಳೊಳ್ಳಿ, ಟೊಮೆಟೊ, ಕೋಸುಗಳನ್ನು ಸಗಟು ಮಾರುಕಟ್ಟೆಯಲ್ಲಿ ಕೊಂಡು ತರುವ ಇವರಿಗೆ ವಾರದಲ್ಲಿ ಐದಾರು ಸಂತೆಗಳ ಸುತ್ತು ಇರುತ್ತದೆ. ಇಂದು ಉಳಿದ ಮಾಲನ್ನು ನಾಳೆ ಇನ್ನೊಂದು ಊರಿನಲ್ಲಿ ಮಾರುವ ಅವಕಾಶ ಇವರಿಗಿದೆ. ಒಂದು ಬುಟ್ಟಿಯ ರೈತ ಮಹಿಳೆಗೆ ಆ ಅವಕಾಶವಿಲ್ಲ.

ಮೂರನೆಯವರು ಬೆಳಗ್ಗೆಯೇ ಸಂತೆಯ ಬಾಗಿಲಲ್ಲಿ ನಿಂತು ರೈತರ ಬುಟ್ಟಿಯನ್ನು ಇಡಿಯಾಗಿ ಕೊಂಡು, ಅಲ್ಲಿಯೇ ಬಿಡಿಯಾಗಿ ಮಾರುವವರು. ಇವರಿಂದ ರೈತರಿಗೆ ದಿನವಿಡೀ ಕೂರುವ ತಾಪತ್ರಯ ತಪ್ಪುತ್ತದೆ. ಆದರೆ ದರದಲ್ಲಿ ಒಂದು ಪಾಲು ಕೈಬಿಡಬೇಕಾಗುತ್ತದೆ.

ಮೂವರೂ ಸಂತೆಗೆ ಬೇಕಾದವರೇ. ಈ ಸೀಮೆಯಲ್ಲಿ ಬೆಳೆಯದ ಪದಾರ್ಥವನ್ನು ಹಳ್ಳಿಗೆ ತಲುಪಿಸುವವರು ಸಂಚಾರಿ ವ್ಯಾಪಾರಸ್ಥರು. ಅವರ ಜೊತೆಗೆ ಕುಡುಗೋಲು, ಕುರ್ಚಿಗಿ ತಟ್ಟುವ ಕಮ್ಮಾರರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ಮಡಕೆ ಮಾರುವವರು ಇಲ್ಲದೆ ಸಂತೆ ಸಂತೆಯಾಗುವುದಿಲ್ಲ. ಆದರೆ ಬಯಲು ಇಕ್ಕಟ್ಟಾದಾಗ ಮೊದಲು ಅಂಚಿಗೆ, ಅಲ್ಲಿಂದ ರಸ್ತೆ ಬದಿಗೆ ಸರಿಯುವವರು ಮೊದಲನೆಯ ಗುಂಪಿನವರೇ. ಪ್ರತಿ ವಾರ ಬರುವ ವ್ಯಾಪಾರಸ್ಥರಿಗೆ ವಾಡಿಕೆಯ ಜಾಗವಿರುತ್ತದೆ. ಬೆಳೆ ಇದ್ದಾಗ ಮಾತ್ರ ಬರುವ ರೈತರಿಗೆ ಇರುವುದಿಲ್ಲ.

ಒಂದು ಬುಟ್ಟಿಯ ಲೆಕ್ಕ

ಸಂತೆಯಲ್ಲಿ ದರ ಗಂಟೆಗೊಮ್ಮೆ ಬದಲಾಗುತ್ತದೆ. ಬೆಳಗ್ಗೆ ಹೆಚ್ಚು, ಇಳಿಹೊತ್ತಿನಲ್ಲಿ ಕಡಿಮೆ. ಬಾಡುವ ಸೊಪ್ಪಿಗೂ ಕೊನೆಯ ಬಸ್ಸಿಗೂ ಗ್ರಾಹಕರೊಡನೆ ಚೌಕಾಸಿ ಮಾಡುವ ಶಕ್ತಿಯಿಲ್ಲ.

ಉದಾಹರಣೆಗೆ 20 ಕಿಲೋ ಬದನೆಕಾಯಿಯ ಒಂದು ಬುಟ್ಟಿಯನ್ನು ತೆಗೆದುಕೊಳ್ಳಬಹುದು. ದರಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಇದು ಲೆಕ್ಕದ ಮಾದರಿ ಮಾತ್ರ. ಬೆಳಗ್ಗೆ 12 ಕಿಲೋ 30 ರೂಪಾಯಿಯಂತೆ ಹೋದರೆ 360 ರೂಪಾಯಿ. ಮಧ್ಯಾಹ್ನ 6 ಕಿಲೋ 20 ರೂಪಾಯಿಯಂತೆ 120. ಕೊನೆಯ 2 ಕಿಲೋ 10 ರೂಪಾಯಿಯಂತೆ 20. ಒಟ್ಟು 500 ರೂಪಾಯಿ. ಇದರಲ್ಲಿ ಸಂತೆಯ ಜಕಾತಿ 20 ಹಾಗೂ ಚಹಾ, ಉಪಾಹಾರಕ್ಕೆ 30 ಕಳೆದರೆ 450 ಉಳಿಯುತ್ತದೆ. ಅದೇ ಬುಟ್ಟಿಯನ್ನು ಹೊಲದ ಬದುವಿನಲ್ಲಿಯೇ ವ್ಯಾಪಾರಸ್ಥನಿಗೆ 15 ರೂಪಾಯಿಯಂತೆ ಕೊಟ್ಟಿದ್ದರೆ 300 ಬರುತ್ತಿತ್ತು. ಅಂದರೆ ದಿನವಿಡೀ ಸಂತೆಯಲ್ಲಿ ಕುಳಿತುದರ ಪ್ರತಿಫಲ 150 ರೂಪಾಯಿ.

2025–26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಅದರ ಅರ್ಧಕ್ಕೂ ಕಡಿಮೆ ಹಣಕ್ಕಾಗಿ ಸಂತೆಗೆ ಏಕೆ ಬರಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಹಣದಲ್ಲಿ ಮಾತ್ರ ಇಲ್ಲ. ಸಂತೆಯ ಹಣ ಅಂದೇ ಕೈಗೆ ಬರುತ್ತದೆ. ಅದೇ ಹಣದಿಂದ ವಾರದ ಸಂತೆ ಮಾಡಿಕೊಂಡು, ಅಂದರೆ ಎಣ್ಣೆ, ಬೆಲ್ಲ, ಉಪ್ಪು, ಮಕ್ಕಳ ಪಾಟಿ ಪುಸ್ತಕ ಕೊಂಡು ಮನೆಗೆ ಮರಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪೇಟೆಯಲ್ಲಿ ದರ ಎಷ್ಟಿದೆ ಎಂಬುದು ತಿಳಿಯುತ್ತದೆ. ಸಂತೆಯ ದರ ಬಲ್ಲ ರೈತರಿಂದ ಹೊಲದ ಬದುವಿನಲ್ಲಿ ಯಾರೂ ಮನಬಂದ ಬೆಲೆಗೆ ಮಾಲು ಕೊಳ್ಳಲಾಗುವುದಿಲ್ಲ. ಸಂತೆಗೆ ಹೋಗದ ನೆರೆಯವರಿಗೂ ಈ ಮಾಹಿತಿಯ ಲಾಭ ದೊರೆಯುತ್ತದೆ.

ಇನ್ನು ಇದೇ ಲೆಕ್ಕದ ಮತ್ತೊಂದು ಮುಖವಿದೆ. ಮಧ್ಯಾಹ್ನ ಜೋರು ಮಳೆ ಸುರಿದು ಜನ ಚದುರಿದರೆ ಕೊನೆಯ 8 ಕಿಲೋ ಉಳಿಯುತ್ತದೆ. ಆಗ 140 ರೂಪಾಯಿ ಕಳೆದು, ದಿನದ ಪ್ರತಿಫಲ 10 ರೂಪಾಯಿಗೆ ಇಳಿಯುತ್ತದೆ. ಜಕಾತಿ 20ರಿಂದ 40ಕ್ಕೆ ಏರಿದರೆ ಆ 10 ರೂಪಾಯಿಯೂ ಇಲ್ಲ, ಕೈಯಿಂದಲೇ ಕೊಟ್ಟಂತಾಗುತ್ತದೆ. ಸಂತೆಯ ಬಯಲಿಗೆ ಒಂದು ಮಾಳಿಗೆ, ಕುಳಿತುಕೊಳ್ಳಲು ಒಂದು ಕಟ್ಟೆ ಎಂಬುದು ಊರಿನ ಅಂದಕ್ಕಾಗಿ ಮಾಡುವ ಕಾಮಗಾರಿಯಲ್ಲ. ಅದು ಸಣ್ಣ ರೈತರ ಬಂಡವಾಳದ ರಕ್ಷಣೆ.

ಸಂಚಾರ ವೆಚ್ಚದ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆದರೆ ನಿಗದಿತ ಮಿತಿ ಮೀರಿದ ಸಾಮಾನಿಗೆ ದರ ತೆರಬೇಕು. ಜನ ತುಂಬಿದ ಬಸ್ಸಿನಲ್ಲಿ ಬುಟ್ಟಿಗೆ ಜಾಗ ಸಿಗುವುದೂ ಸುಲಭವಲ್ಲ.

ಜಕಾತಿ ಯಾರಿಗೆ, ಸೌಕರ್ಯ ಯಾರದು?

ಪಟ್ಟಣದ ಸಂತೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಹೊಣೆ. ಹಳ್ಳಿಯ ಸಂತೆ ಗ್ರಾಮ ಪಂಚಾಯಿತಿಯ ಹೊಣೆ. ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮವು ಮಾರುಕಟ್ಟೆ ನಡೆಸಲು ಮತ್ತು ಅದರ ಬಳಕೆಗೆ ಶುಲ್ಕ ವಿಧಿಸಲು ಗ್ರಾಮ ಪಂಚಾಯಿತಿಗಳಿಗೆ ಅಧಿಕಾರ ನೀಡಿದೆ. ಈ ಶುಲ್ಕಕ್ಕೇ ಜನರ ಬಾಯಲ್ಲಿ ಜಕಾತಿ ಎಂಬ ಹೆಸರು. ಸಾಮಾನ್ಯವಾಗಿ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕಲಾಗುತ್ತದೆ. ಹೆಚ್ಚು ಹಣಕ್ಕೆ ಕೂಗಿದವರು ಗುತ್ತಿಗೆದಾರರಾಗಿ ಪ್ರತಿ ಸಂತೆಯಲ್ಲಿ ವಸೂಲಿ ಮಾಡುತ್ತಾರೆ.

ಈ ಪದ್ಧತಿಯಿಂದ ಪಂಚಾಯಿತಿಗೆ ಖಚಿತ ಆದಾಯವಿದೆ. ಆದರೆ ಹರಾಜಿನ ಮೊತ್ತ ಏರಿದಂತೆ ಅದರ ಭಾರ ತಾಟಿನ ಮೇಲೆ ಬೀಳುತ್ತದೆ. ನಿಗದಿತ ದರದ ಫಲಕ ಸಂತೆಯ ಬಾಗಿಲಲ್ಲಿ ಕಾಣುವಂತಿದ್ದರೆ, ಕೊಟ್ಟ ಹಣಕ್ಕೆ ರಸೀದಿ ಸಿಕ್ಕರೆ ತಕರಾರಿಗೆ ಎಡೆಯಿರುವುದಿಲ್ಲ. ಬಂದ ಹಣದಲ್ಲಿ ಒಂದು ಪಾಲಾದರೂ ನೀರು, ನೆರಳು, ಶೌಚಾಲಯ ಮತ್ತು ಸ್ವಚ್ಛತೆಗೆ ಮರಳಬೇಕು. ಬೆಳಗ್ಗೆಯಿಂದ ಸಂಜೆಯವರೆಗೆ ಬಯಲಿನಲ್ಲಿ ಕೂರುವ ಮಹಿಳೆಯರಿಗೆ ಶೌಚಾಲಯ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಕಾನೂನಿನ ಕಣ್ಣಿಗೆ ಬೀಳದ ಜಾಗ

ರೈತರ ಮಾರುಕಟ್ಟೆಯ ಬಗ್ಗೆ ಕಾನೂನುಗಳಿಗೆ ಕೊರತೆಯಿಲ್ಲ. ಮುಂಬಯಿ ಪ್ರಾಂತಕ್ಕೆ 1939ರ ಕೃಷಿ ಮಾರುಕಟ್ಟೆ ಕಾಯ್ದೆಯಿತ್ತು. ಕರ್ನಾಟಕಕ್ಕೆ 1966ರ ಅಧಿನಿಯಮ ಬಂತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಇ–ನಾಮ್ ಎಂಬ ವಿದ್ಯುನ್ಮಾನ ಮಾರುಕಟ್ಟೆಗೆ ಚಾಲನೆ ನೀಡಿತು. ಇವೆಲ್ಲವೂ ಮುಖ್ಯವಾಗಿ ಚೀಲದ ಲೆಕ್ಕದ, ಸಗಟು ವ್ಯಾಪಾರದ ವ್ಯವಸ್ಥೆಗಳು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಅವು ಹೊಂದುತ್ತವೆ. ನಾಲ್ಕು ಸಿವುಡು ಮೆಂತ್ಯ ಸೊಪ್ಪಿಗೆ ಹೊಂದುವುದಿಲ್ಲ.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಿಗಳಿಗೆ ಜಾಗದ ರಕ್ಷಣೆ ಕೊಡುತ್ತದೆ. ಆದರೆ ಅದು ನಗರ ಪ್ರದೇಶಗಳಿಗೆ ಸಂಬಂಧಿಸಿದುದು. ಹಳ್ಳಿಯ ಸಂತೆಯಲ್ಲಿ ಕುಳಿತವರು ಅದರ ಆಚೆಗೇ ಉಳಿಯುತ್ತಾರೆ.

2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಸುಮಾರು ಶೇ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಡಾ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗವು ರೈತರಿಗೆ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾರುಕಟ್ಟೆ ಇರಬೇಕೆಂದು ಶಿಫಾರಸು ಮಾಡಿತ್ತು. ಎಪಿಎಂಸಿ ಪ್ರಾಂಗಣಗಳು ಅಷ್ಟು ಹತ್ತಿರ ಇಲ್ಲ. ಹಲವು ಹಳ್ಳಿಗಳಿಗೆ ಆ ಅಂತರದಲ್ಲಿರುವುದು ಸಂತೆಯೊಂದೇ. ಇದನ್ನು ಗುರುತಿಸಿಯೇ 2018–19ರ ಕೇಂದ್ರ ಮುಂಗಡಪತ್ರದಲ್ಲಿ ದೇಶದ 22,000 ಗ್ರಾಮೀಣ ಸಂತೆಗಳನ್ನು ಸುಧಾರಿತ ಗ್ರಾಮೀಣ ಕೃಷಿ ಮಾರುಕಟ್ಟೆಗಳನ್ನಾಗಿ ಮಾಡುವ ಮಾತು ಕೇಳಿಬಂದಿತ್ತು.

ಸಂತೆಯ ಬೆಲೆ ತಿಳಿದದ್ದು ಅದು ನಿಂತಾಗ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ರಾಜ್ಯದ ಸಂತೆಗಳು ಬಂದ್ ಆದವು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಾನುವಾರು ಸಂತೆಗಳನ್ನು ನಿಲ್ಲಿಸಲಾಯಿತು. ದಾಸ್ತಾನು ಮಾಡಲಾಗದ ಮಾಲು ಇದ್ದವರಿಗೆ ಬೇರೆ ದಾರಿ ಇರಲಿಲ್ಲ.

ಫ್ರಾನ್ಸಿನ ಹಳ್ಳಿಗಳಲ್ಲಿ

ಸಂತೆ ಹಿಂದುಳಿದ ನಾಡಿನ ಗುರುತು, ದೊಡ್ಡ ಅಂಗಡಿಗಳು ಬಂದರೆ ತಾನಾಗಿಯೇ ಮರೆಯಾಗುತ್ತದೆ ಎಂಬ ಭಾವನೆಯುಂಟು. ಸೂಪರ್ ಮಾರ್ಕೆಟ್‌ಗಳು ದಟ್ಟವಾಗಿರುವ ಫ್ರಾನ್ಸ್ ದೇಶ ಇದಕ್ಕೆ ಉತ್ತರವಾಗಿದೆ. ಅಲ್ಲಿಯ ಹಳ್ಳಿ, ಪಟ್ಟಣಗಳಲ್ಲಿ ಇಂದಿಗೂ ವಾರದ ಗೊತ್ತಾದ ದಿನ ಸಂತೆ ಕೂಡುತ್ತದೆ. ದಕ್ಷಿಣ ಫ್ರಾನ್ಸಿನ ರೆವೆಲ್ ಎಂಬ ಪಟ್ಟಣದಲ್ಲಿ 14ನೇ ಶತಮಾನದ ಮರದ ಕಂಬಗಳ ಸಂತೆಮಾಳಿಗೆಯ ಅಡಿಯಲ್ಲಿ ಮತ್ತು ಸುತ್ತಲಿನ ಬೀದಿಗಳಲ್ಲಿ ಶನಿವಾರದ ಸಂತೆ ನಡೆಯುತ್ತದೆ.

ಅಲ್ಲಿಯೂ ಸಂತೆ ಸ್ಥಳೀಯ ಸಂಸ್ಥೆಯದೇ. ಅಲ್ಲಿಯೂ ಜಕಾತಿಯುಂಟು. ಜಾಗ ಹಂಚಿ ಶುಲ್ಕ ಪಡೆಯಲು ಪ್ಲಾಸಿಯೇ ಎಂಬ ಸಿಬ್ಬಂದಿ ಇರುತ್ತಾರೆ. ವ್ಯತ್ಯಾಸ ಒಂದು ಕಡೆ ಇದೆ. ಸಂತೆಯನ್ನು ಹೊಸದಾಗಿ ಆರಂಭಿಸಲು, ಸ್ಥಳಾಂತರಿಸಲು ಅಥವಾ ರದ್ದುಪಡಿಸಲು ಅಲ್ಲಿನ ಸ್ಥಳೀಯ ಸಂಸ್ಥೆ ಮೊದಲು ವ್ಯಾಪಾರಿಗಳ ಸಂಘಟನೆಗಳ ಅಭಿಪ್ರಾಯ ಕೇಳಬೇಕೆಂದು ಕಾನೂನೇ ಹೇಳುತ್ತದೆ. ನಮ್ಮಲ್ಲಿ ಸಂತೆಯ ಬಯಲನ್ನು ಬಸ್ ನಿಲ್ದಾಣಕ್ಕೋ ವಾಣಿಜ್ಯ ಮಳಿಗೆಗೋ ಬಳಸುವ ಮುನ್ನ ಬುಟ್ಟಿ ಹೊತ್ತು ಬರುವವರನ್ನು ಕೇಳುವ ವಾಡಿಕೆಯಿಲ್ಲ.

ಸಂತೆಗೆ ಹೋಗುವವರಿಗೆ

ಈ ನಾಲ್ಕು ತಾಲ್ಲೂಕುಗಳ ಸಂತೆ ನೋಡಬಯಸುವವರು ಊರಿನ ಸಂತೆಯ ವಾರವನ್ನು ಹಿಂದಿನ ದಿನವೇ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಹಬ್ಬ, ಜಾತ್ರೆ, ಚುನಾವಣೆಗಳ ಕಾರಣ ದಿನ ಬದಲಾಗುವುದುಂಟು. ತಾಜಾ ಕಾಯಿಪಲ್ಲೆ ಬೇಕಾದವರು ಬೆಳಗ್ಗೆ ಹೋಗಬೇಕು. ಸಂಜೆ ಅಗ್ಗವಾಗಿ ಸಿಗುವುದು ನಿಜ. ಆದರೆ ಆ ಅಗ್ಗದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೇಲಿನ ಲೆಕ್ಕ ತೋರಿಸುತ್ತದೆ.

ಬೆಳೆದವರಿಂದಲೇ ಕೊಳ್ಳಬೇಕೆಂದರೆ ಸಂತೆಯ ನಡುವಿನ ದೊಡ್ಡ ಸಾಲುಗಳನ್ನು ದಾಟಿ ಅಂಚಿಗೆ ಹೋಗಬೇಕು. ಎರಡೇ ಬಗೆಯ ಪದಾರ್ಥ ಇಟ್ಟುಕೊಂಡವರನ್ನು 'ಯಾವೂರವ್ವಾ, ಹೊಲದ್ದೇನು?' ಎಂದು ಕೇಳಿದರೆ ಊರು, ಬಾವಿ, ಬೀಜ ಎಲ್ಲದರ ಸುದ್ದಿಯೂ ತಾನಾಗಿ ಬರುತ್ತದೆ. ಚಿಲ್ಲರೆ ಹಣ ಜೊತೆಗಿರಲಿ. ಮೊಬೈಲ್ ಪಾವತಿಯ ಫಲಕಗಳು ಸಂತೆಗೂ ಬಂದಿವೆಯಾದರೂ ಎಲ್ಲ ಬುಟ್ಟಿಗಳ ಮುಂದೆ ಇಲ್ಲ. ತೂಕದ ಕಲ್ಲು ಅಥವಾ ಯಂತ್ರದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕೆಂಬುದು ನಿಯಮ. ಅದನ್ನು ನೋಡಿ ಕೊಳ್ಳುವುದು ಗ್ರಾಹಕರ ಹಕ್ಕು. ಕೈಚೀಲ ಒಯ್ದರೆ ಸಂಜೆ ಸಂತೆ ಕರಗಿದ ಮೇಲೆ ಬಯಲಿನಲ್ಲಿ ಉಳಿಯುವ ಪ್ಲಾಸ್ಟಿಕ್ ಅಷ್ಟು ಕಡಿಮೆಯಾಗುತ್ತದೆ.

ಚೌಕಾಸಿ ಸಂತೆಯ ಸಹಜ ಭಾಷೆ. ಅದನ್ನು ಬಿಡಬೇಕಿಲ್ಲ. ಆದರೆ 20 ಕಿಲೋ ಬುಟ್ಟಿಯ ಮೇಲೆ 150 ರೂಪಾಯಿಯ ಆಸರೆಯಿರುವವರೊಡನೆ ಮಾಡುವ ಐದು ರೂಪಾಯಿಯ ಚೌಕಾಸಿ, ಗ್ರಾಹಕರಿಗೆ ಕಂಡಷ್ಟು ಸಣ್ಣದಲ್ಲ. ಒಂದು ಮಾಳಿಗೆ, ಒಂದು ನಳ, ಒಂದು ಶೌಚಾಲಯ, ಒಂದು ದರಫಲಕ: ಸಂತೆ ಕೇಳುವುದು ಇಷ್ಟನ್ನೇ. ಇಷ್ಟು ದೊರೆತರೆ ಮುಂದಿನ ವಾರವೂ ಬುಟ್ಟಿ ಬರುತ್ತದೆ.